ಕತೆಯ ಪಕ್ಕದಲ್ಲಿ ಬರೆಯುವ ಮಾತು

ಪ್ರೀತಿಯ ಪುಟ್ಟಿ,

ಕಥಾಸ್ಪರ್ಧೆಯ ಮೊದಲ ಸುತ್ತಿನ ಓದನ್ನು ಕಾಲೇಜಿನವರು ನಿನಗೆ ವಹಿಸಿದ್ದಾರೆ ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ನನಗೆ ಹೆಮ್ಮೆಯಾಯಿತು. ಪ್ರತಿ ಕತೆಗೂ ಅಂಕದ ಜೊತೆ ನಾಲ್ಕು ಸಾಲು ಬರೆದು ಕತೆಗಾರರಿಗೇ ಕಳಿಸಬೇಕೆಂಬ ನಿಯಮವಂತೂ ತುಂಬ ಹಿಡಿಸಿತು. ಸ್ಪರ್ಧೆಗೆ ಕತೆ ಕಳಿಸಿದವರಿಗೆ ಸಾಮಾನ್ಯವಾಗಿ ಬಹುಮಾನ ಬಂದರೆ ಸುದ್ದಿ, ಬರದಿದ್ದರೆ ಮೌನ. ಆ ಮೌನಕ್ಕೇ ಸೋತು ಎಷ್ಟು ಜನ ಬರೆಯುವುದನ್ನು ಬಿಟ್ಟರೋ! ನೀನು ಮಾದರಿಗೆಂದು ಕಳಿಸಿದ ಟಿಪ್ಪಣಿಗಳನ್ನು ನಿಧಾನವಾಗಿ ಓದಿದೆ. ಅವುಗಳ ಬಗ್ಗೆಯೇ ಈ ಕಾಗದ.

ಆ ಅಂಗನವಾಡಿ ಸಹಾಯಕಿಯ ಕತೆಯನ್ನೇ ತೆಗೆದುಕೊ. ಹತ್ತಕ್ಕೆ ನಾಲ್ಕು ಕೊಟ್ಟು, ‘ಅಂತ್ಯ ಭಾಷಣವಾಗಿದೆ, ಪಾತ್ರ ಪೋಷಣೆ ಸಾಲದು’ ಎಂದು ಬರೆದಿದ್ದೀಯ. ನಿನ್ನ ತೀರ್ಪು ಸರಿಯೇ ಇದೆ. ಆದರೆ ಬರೆದ ಹುಡುಗಿ ಇದನ್ನು ಓದಿ ಮಾಡುವುದೇನು? ಈ ಮಾತನ್ನು ಬೇರೆ ಯಾವ ಕತೆಯ ಕೆಳಗೆ ಬರೆದಿದ್ದರೂ ನಡೆಯುತ್ತಿತ್ತು. ತನ್ನ ಕತೆಯನ್ನು ಯಾರೋ ಓದಿದ್ದಾರೆ ಎಂಬ ಗುರುತು ಅವಳಿಗೆ ಇದರಲ್ಲಿ ಸಿಗುವುದಿಲ್ಲ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಉಗ್ರಾಣದ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡವಳು ಆಗಾಗ ಅದನ್ನು ಮುಟ್ಟಿ ನೋಡಿಕೊಳ್ಳುತ್ತಾಳೆ. ಅವಳಿಗೆ ಭಯವಿದೆ ಎಂದು ನೀವು ಎಲ್ಲೂ ಹೇಳದಿದ್ದರೂ ನನಗೆ ಅದು ಅಲ್ಲೇ ಗೊತ್ತಾಯಿತು. ಅಕ್ಕಿ ಮೂಟೆ ಕಾಣೆಯಾಗಿ ಮೇಲ್ವಿಚಾರಕಿ ಬಂದು ಕೇಳುವ ಹೊತ್ತಿಗೆ ಮಾತ್ರ ಅವಳ ಕೈ ಎಲ್ಲಿತ್ತು, ಅವಳು ಯಾರ ಮುಖ ನೋಡಿದಳು ಎಂಬುದೊಂದೂ ಕಾಣಲಿಲ್ಲ. ಅಲ್ಲಿಂದ ಕೊನೆಯವರೆಗೆ ಅವಳ ಪರವಾಗಿ ಕತೆಗಾರರೇ ಮಾತಾಡುತ್ತಾರೆ. ಆ ಒಂದು ಪುಟ ಬಿಟ್ಟು, ಮೇಲ್ವಿಚಾರಕಿಯ ಎದುರು ಅವಳನ್ನೇ ನಿಲ್ಲಿಸಿ ಬರೆದು ನೋಡಿ.’

ತೀರ್ಪು ನಿನ್ನದೇ, ಒಂದಿಷ್ಟೂ ಮೆತ್ತಗಾಗಿಲ್ಲ. ಕತೆ ಎಲ್ಲಿ ಜೀವ ಹಿಡಿದಿತ್ತು, ಎಲ್ಲಿ ಬಿಟ್ಟಿತು ಎಂಬುದು ಜಾಗ ಸಮೇತ ಸಿಕ್ಕಿತು, ಅಷ್ಟೆ. ಅದು ಸಿಕ್ಕರೆ ಅವಳು ಇವತ್ತು ರಾತ್ರಿಯೇ ಕುಳಿತು ತಿದ್ದಬಲ್ಲಳು. ಮೊದಲು ಹೊಗಳಿ ಆಮೇಲೆ ತೆಗಳು ಎಂಬ ಉಪಾಯವನ್ನೂ ನಾನು ಹೇಳುತ್ತಿಲ್ಲ; ಹಾಗೆ ಅಂಟಿಸಿದ ಹೊಗಳಿಕೆ ಓದುವವರಿಗೆ ಕೂಡಲೇ ತಿಳಿಯುತ್ತದೆ. ಬೀಗದ ಕೈ ನಿಜವಾಗಿ ಚೆನ್ನಾಗಿ ಬಂದಿರುವುದರಿಂದಲೇ ಅದನ್ನು ಹೇಳಬೇಕು. ಮುಂದಿನ ಪುಟಕ್ಕೆ ಅಳತೆ ಸಿಗುವುದು ಅವಳದೇ ಆ ಸಾಲಿನಿಂದ.

ನಮ್ಮ ಭಾಷೆಯಲ್ಲಿ ಈ ಕೆಲಸಕ್ಕೆ ಬಹಳ ಹಳೆಯ ಬೇರಿದೆ. ಕನ್ನಡದಲ್ಲಿ ಉಳಿದು ಬಂದಿರುವ ಮೊದಲ ಗ್ರಂಥ, 9ನೇ ಶತಮಾನದ ‘ಕವಿರಾಜಮಾರ್ಗ’, ಶುರುವಾಗುವುದೇ ಕಾವ್ಯದ ದೋಷ ಯಾವುದು, ಯಾವುದು ದೋಷವಲ್ಲ ಎಂಬ ಪರಿಚ್ಛೇದದಿಂದ. ಅಲ್ಲಿ ತಪ್ಪನ್ನು ಹೆಸರಿಸಿ ಸುಮ್ಮನಾಗುವುದಿಲ್ಲ. ದೋಷ ತಗುಲಿದ ಪದ್ಯವನ್ನು ಕೊಟ್ಟು ಅದನ್ನು ತಿದ್ದಿಯೂ ತೋರಿಸುತ್ತಾರೆ. ಅದಕ್ಕಿಂತ ನನಗೆ ಪ್ರಿಯವಾದದ್ದು ಅದೇ ಗ್ರಂಥದ ಇನ್ನೊಂದು ಮಾತು: ಕನ್ನಡಗಳಲ್ಲಿ ದೇಸಿ ಬೇರೆ ಬೇರೆ ಇರುವುದರಿಂದ ದೋಷ ಇಷ್ಟೇ ಎಂದು ಗೊತ್ತುಮಾಡಹೊರಟರೆ ವಾಸುಕಿಯೂ ಬೇಸತ್ತಾನು ಎಂಬ ಅರ್ಥದ್ದು. ದೋಷ ಹೇಳಲೆಂದೇ ಕೂತ ಲಕ್ಷಣಕಾರ ತನ್ನ ಅಧಿಕಾರದ ಎಲ್ಲೆಯನ್ನು ತಾನೇ ಹೀಗೆ ಗುರುತಿಸಿಕೊಂಡದ್ದು ದೊಡ್ಡ ಸಂಗತಿ ಪುಟ್ಟಿ.

ನಿನ್ನ ರಾಶಿಯಲ್ಲಿ ಕುಂದಾಪುರದ ಕನ್ನಡದ್ದೊಂದು, ಕಲಬುರಗಿ ಕಡೆಯದೊಂದು ಕತೆ ಇದೆಯಂತಲ್ಲ, ಅದಕ್ಕೇ ಇದನ್ನು ನೆನಪಿಸುತ್ತಿದ್ದೇನೆ. ಆ ಕತೆಗಳ ಮಾತು ನಿನ್ನ ಕಿವಿಗೆ ಹೊಸದಾದರೆ ಜೋರಾಗಿ ಓದಿ ನೋಡು. ಆಗಲೂ ತಿಳಿಯದಿದ್ದರೆ ಆ ಸೀಮೆಯ ಗೆಳತಿಯೊಬ್ಬಳಿಂದ ಓದಿಸಿ ಕೇಳು. ‘ಭಾಷೆ ಶುದ್ಧವಾಗಿಲ್ಲ’ ಎಂದು ಮಾತ್ರ ಬರೆಯಬೇಡ. ದೇವನೂರ ಮಹಾದೇವರ ‘ಕುಸುಮಬಾಲೆ’ ಮೊದಲು ಬಂದಾಗ ಅದರ ಭಾಷೆ ಅರ್ಥವಾಗುವುದಿಲ್ಲ ಎಂದವರು ಕಡಿಮೆಯಿರಲಿಲ್ಲ. ಇವತ್ತು ಆ ಭಾಷೆಯನ್ನು ಬಿಟ್ಟು ಆ ಪುಸ್ತಕವನ್ನು ನೆನೆಯುವುದಕ್ಕೇ ಆಗದು.

ಇನ್ನು, ಬರಹದಲ್ಲಿ ಇಲ್ಲದ್ದನ್ನು ಹೇಳುವ ಕೆಲಸ. ಎಲ್ಲಕ್ಕಿಂತ ಕಷ್ಟದ್ದು ಅದೇ. ಧಾರವಾಡದ ಮನೋಹರ ಗ್ರಂಥಮಾಲೆಯ ‘ನಡೆದು ಬಂದ ದಾರಿ’ಗಾಗಿ ಕೀರ್ತಿನಾಥ ಕುರ್ತಕೋಟಿಯವರು ಹೊಸಗನ್ನಡ ಸಾಹಿತ್ಯದ ಸಮೀಕ್ಷೆ ಬರೆದರು. ಬರ್ನಾರ್ಡ್ ಶಾ ಚರಿತ್ರೆಯನ್ನು ನಾಟಕಕ್ಕೆ ತಂದ ಬಗೆಯಲ್ಲಿ ಕನ್ನಡದಲ್ಲಿ ಯಾರೂ ತಂದಿಲ್ಲ ಎಂಬ ಅಭಿಪ್ರಾಯ ಅದರಲ್ಲಿತ್ತು. ಅದನ್ನು ಓದಿಯೇ ತನಗೆ ಹುರುಪು ಬಂದದ್ದು ಎಂದು ಗಿರೀಶ ಕಾರ್ನಾಡರು ಹೇಳಿಕೊಂಡಿದ್ದಾರೆ. 1964ರಲ್ಲಿ ಅವರ ‘ತುಘಲಕ್’ ನಾಟಕ ಬಂತು. ಕನ್ನಡದ ಐತಿಹಾಸಿಕ ನಾಟಕಗಳೆಲ್ಲ ಕಳಪೆ ಎಂದಷ್ಟೇ ಬರೆದಿದ್ದರೆ ಅದರಿಂದ ಯಾರಿಗೂ ದಾರಿ ಕಾಣುತ್ತಿರಲಿಲ್ಲ. ಕೊರತೆ ಇಂಥದ್ದು ಎಂದು ಕುರ್ತಕೋಟಿ ತೋರಿಸಿದ್ದರಿಂದ ಇಪ್ಪತ್ತರ ಹರೆಯದ ನಾಟಕಕಾರನೊಬ್ಬನಿಗೆ ಮಾಡಲು ಕೆಲಸ ಸಿಕ್ಕಿತು. ವಿಮರ್ಶೆ ಬರೆಯುವವರು ಸೃಷ್ಟಿಶೀಲರಲ್ಲ ಎಂದು ಯಾರಾದರೂ ನಿನ್ನ ಮುಂದೆ ಅಂದರೆ ಇದನ್ನು ಹೇಳು.

ಅಂಕದ ವಿಚಾರ ಹೆಚ್ಚಿಗೆ ಹೇಳುವಂಥದ್ದಿಲ್ಲ. ಮೊದಲ ಓದಿನಲ್ಲಿ ಪೆನ್ನು ಹಿಡಿಯಬೇಡ. ಎಂಟು ಹತ್ತು ಕತೆ ಓದಿ ಮುಗಿಸುವವರೆಗೆ ಸಂಖ್ಯೆ ಹಾಕಬೇಡ; ಇಲ್ಲವಾದರೆ ಮೊದಲು ಕೈಗೆ ಬಂದ ಕತೆಗೆ ಬಿಗಿ, ದಣಿದ ಮೇಲೆ ಓದಿದ್ದಕ್ಕೆ ಸಡಿಲ ಆಗಿಬಿಡುತ್ತದೆ. ಯಾರ ಮನಸ್ಸೂ ನೋಯದಿರಲೆಂದು ಎಲ್ಲರಿಗೂ ಆರು ಏಳು ಕೊಡುವುದು ನಿಜವಾಗಿ ಒಳ್ಳೆಯದು ಬರೆದವರಿಗೆ ಮಾಡುವ ಅನ್ಯಾಯ. ಪರಿಚಿತರ ಕೈಬರಹ ಅನ್ನಿಸಿದರೆ ಆ ಕತೆಯನ್ನು ಇನ್ನೊಬ್ಬ ತೀರ್ಪುಗಾರರಿಗೆ ದಾಟಿಸು. ಕಾಗುಣಿತದ ತಪ್ಪುಗಳಿಗೆ ಒಂದೇ ಸಾಲು ಸಾಕು, ಅದೂ ಕೊನೆಯಲ್ಲಿ. ಮತ್ತೆ, ಅವರ ವಾಕ್ಯವನ್ನು ನಿನ್ನ ವಾಕ್ಯವಾಗಿಸಬೇಡ. ಕವಿರಾಜಮಾರ್ಗ ಪದ್ಯ ತಿದ್ದಿ ತೋರಿಸಿದ್ದು ಪಾಠಕ್ಕಾಗಿ. ಇದು ಒಬ್ಬರು ಇನ್ನೂ ಬರೆಯುತ್ತಿರುವ ಕತೆ.

ಕೊನೆಗೆ, ಕವನ ಸಂಕಲನಕ್ಕೆ ಬೆನ್ನುಡಿ ಕೇಳಿರುವ ನಿನ್ನ ಗೆಳತಿಯ ವಿಷಯ. ಇಲ್ಲ ಅನ್ನಲಾರೆ, ಒಪ್ಪಿಕೊಳ್ಳಲೂ ಮನಸ್ಸಿಲ್ಲ ಎಂದು ಬರೆದಿದ್ದೀಯ. ಬೆನ್ನುಡಿಗಳಲ್ಲಿ ಹೊಗಳಿಕೆ ಎಷ್ಟು ಅಗ್ಗವಾಗಿದೆ ಎಂದರೆ ಪುಸ್ತಕದಂಗಡಿಯಲ್ಲಿ ನಿಂತು ಅದನ್ನು ನಂಬಿ ಕೊಳ್ಳುವ ಓದುಗರು ಈಗ ಕಡಿಮೆ. ಅವಳಿಗೆ ಈ ಹೊತ್ತು ಬೇಕಾದದ್ದು ಹಸ್ತಪ್ರತಿಯನ್ನು ಓದುವ ಒಬ್ಬರು. ಅಚ್ಚಾದ ಮೇಲೆ ಹೇಳುವ ಮಾತು ಅವಳ ಮುಂದಿನ ಪುಸ್ತಕಕ್ಕೆ ಆದೀತೇ ಹೊರತು ಇದಕ್ಕಾಗದು. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪಿನವರು ಒಬ್ಬರ ಬರಹವನ್ನು ಒಬ್ಬರು ಕೂತು ಕೇಳುತ್ತಿದ್ದರಲ್ಲ, ಹಾಗೆ ನೀವಿಬ್ಬರೂ ಒಂದು ಭಾನುವಾರ ಕೂತು ಎಲ್ಲ ಕವನಗಳನ್ನೂ ಗಟ್ಟಿಯಾಗಿ ಓದಿ. ಯಾವುದನ್ನು ಬಿಟ್ಟರೆ ಸಂಕಲನ ಗಟ್ಟಿಯಾಗುತ್ತದೆ ಎಂದು ಹೆಸರು ಹಿಡಿದು ಹೇಳು. ಬೆನ್ನುಡಿ ಬರೆಯಬೇಕೋ ಬೇಡವೋ ಎಂಬುದು ಆಮೇಲಿನ ಮಾತು. ಅವಳು ಡಿಟಿಪಿಗೆ ಕೊಡುವ ಮುಂಚೆ, ಈ ವಾರವೇ ಫೋನ್ ಮಾಡು.

ಪ್ರೀತಿಯಿಂದ,
ಚಿಕ್ಕಮ್ಮ