ಕೂರುವ ಕಷ್ಟ

ಬೆನ್ನುನೋವಿಗೆ ಇರುವ ಮರ್ಯಾದೆ ಅಂಡುನೋವಿಗೆ ಇಲ್ಲ. ಮದುವೆಮನೆಯಲ್ಲಿ ಪಕ್ಕದ ಕುರ್ಚಿಯವರನ್ನು ಸುಮ್ಮನೆ ಮಾತಿಗೆಳೆದು ನೋಡಿ. ಮಂಡಿ ಸವೆದದ್ದು, ಭುಜ ಹಿಡಿದದ್ದು, ಗ್ಯಾಸು ಎದೆಗೇರಿದ್ದು, ಶುಗರ್ ಊಟಕ್ಕೆ ಮೊದಲೆಷ್ಟು ಆಮೇಲೆಷ್ಟು, ಎಲ್ಲವನ್ನೂ ಪಾಯಸ ಬರುವುದರೊಳಗೆ ಒಪ್ಪಿಸಿಬಿಡುತ್ತಾರೆ. ಆದರೆ ಹುಟ್ಟಿದಂದಿನಿಂದ ಮರುಮಾತಿಲ್ಲದೆ ನಮ್ಮ ಭಾರ ಹೊತ್ತ ಆ ಒಂದು ಭಾಗದ ವಿಷಯಕ್ಕೆ ಬಂದರೆ ಎಲ್ಲರ ಬಾಯಿಗೂ ಬೀಗ. ಡಾಕ್ಟರ ಎದುರಿಗೂ ‘ಸ್ವಲ್ಪ ಇಲ್ಲಿ, ಹಿಂದೆ...’ ಎಂದು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಹೇಳುವವರೇ ಹೆಚ್ಚು. ಹೀಗಿರುವಾಗ ಹೊಸದಾಗಿ ರೋಡ್ ಬೈಕ್ ಹತ್ತಿದವರು ತಮ್ಮ ಕಷ್ಟವನ್ನು ಯಾರ ಮುಂದೆ ಹೇಳಿಕೊಳ್ಳಬೇಕು, ಹೇಳಿ?

ರೋಡ್ ಬೈಕ್ ಅಂದರೆ ಪೆಟ್ರೋಲ್ ಹಾಕುವುದಲ್ಲ ಸ್ವಾಮಿ, ತುಳಿಯುವುದು. ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಸಣಕಲು ಟೈರು, ಎರಡು ಬೆರಳಲ್ಲಿ ಎತ್ತುವಷ್ಟು ಹಗುರ. ಬೆಂಗಳೂರಿನಲ್ಲಿ ಮೂವತ್ತೈದು ದಾಟಿದ ಗಂಡಸಿಗೆ ಒಂದೋ ಸೈಟು ಕೊಳ್ಳುವ ಹುಚ್ಚು ಹಿಡಿಯುತ್ತದೆ, ಇಲ್ಲವೇ ಸೈಕಲ್ಲಿನದು. ಸೈಟಿನ ರೇಟು ಕೇಳಿದ ಮೇಲೆ ಬಹಳ ಜನಕ್ಕೆ ಸೈಕಲ್ಲೇ ಗತಿ. ನಮ್ಮಕ್ಕನ ಮಗ ಆ ದಾರಿಯಲ್ಲೇ ಬಂದವನು. ಸೈಕಲ್ ಮನೆಗೆ ಬಂದ ದಿನ ಅಕ್ಕ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. “ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ. ಕೂರೋದಕ್ಕೆ ಅಂಗೈಯಗಲ ಜಾಗ. ಅರ್ಧ ಸೈಕಲ್ಲಿಗೆ ಅಷ್ಟೊಂದು ದುಡ್ಡು ಯಾಕೆ ಕೊಟ್ಟೆಯೋ?” ಎಂದಳು. ಆದರೂ ಪೂಜೆ ಬಿಡಲಿಲ್ಲ. ಟೈರಿನಡಿ ನಿಂಬೆಹಣ್ಣು ಇಟ್ಟದ್ದೂ ಆಯಿತು. ಆ ಟೈರಿಗೆ ಹಣ್ಣು ಜಪ್ಪಯ್ಯ ಅನ್ನಲಿಲ್ಲ, ಪಕ್ಕಕ್ಕೆ ಉರುಳಿ ಗೇಟಿನ ತನಕ ಹೋಯಿತು. ಅಕ್ಕ ಅದನ್ನು ಅಪಶಕುನ ಎಂದಳು, ಮಗ ಫಿಸಿಕ್ಸ್ ಎಂದ.

ಬೆಂಗಳೂರಿನಲ್ಲಿ ಇಂಥ ಸೈಕಲ್ ಕೊಂಡವರು ಮೊದಲು ಓಡುವುದು ನಂದಿಬೆಟ್ಟಕ್ಕೆ. ಊರಿಂದ ಅರವತ್ತು ಕಿಲೋಮೀಟರ್ ಆಸುಪಾಸು, 1,478 ಮೀಟರ್ ಎತ್ತರ, ಕೊನೆಯ ಏಳೆಂಟು ಕಿಲೋಮೀಟರ್ ಬರೀ ಏರು. ಭಾನುವಾರ ನಸುಕಿಗೆ ಹೊರಟ ನಮ್ಮ ಹುಡುಗ ಮಧ್ಯಾಹ್ನ ಮನೆಗೆ ಬಂದು ಬಿಸಿಬೇಳೆಬಾತನ್ನು ಕಿಟಕಿಗೆ ಒರಗಿ ನಿಂತೇ ತಿಂದ. “ಕೂತ್ಕೊಳ್ಳೋ” ಎಂದರೆ, “ಇರಲಿ ಮಾಮ, ಇಲ್ಲಿ ಗಾಳಿ ಚೆನ್ನಾಗಿದೆ” ಎಂದ. ಕಿಟಕಿ ಮುಚ್ಚಿತ್ತು.

ಮುಂದಿನ ವಾರ ಅವನು ಕೊಂಡು ತಂದದ್ದು ಜೆಲ್ ತುಂಬಿದ ಸೀಟ್ ಕವರ್. ಹೊಸಬರಲ್ಲಿ ನೂರಕ್ಕೆ ತೊಂಬತ್ತು ಮಂದಿ ತರುವುದು ಅದನ್ನೇ. ನಾನದನ್ನು ಬಲವಾಗಿ ವಿರೋಧಿಸುತ್ತೇನೆ. ಯಾಕೆಂದರೆ ನಾವು ಕೂರುವುದು ಮಾಂಸದ ಮೇಲೆ ಅಂದುಕೊಂಡಿದ್ದೇವಲ್ಲ, ಅದು ಸುಳ್ಳು. ಸೊಂಟದ ಮೂಳೆಯ ಕೆಳತುದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಗುಬಟುಗಳಿವೆ. ಗಟ್ಟಿ ಬೆಂಚಿನ ಮೇಲೆ ಅಂಗೈಗಳನ್ನು ಅಡಿಗೆ ಹಾಕಿಕೊಂಡು ಕೂತರೆ ತಾಗುತ್ತವೆ. (ಈಗಲೇ ಬೇಡಿ, ಯಾರಾದರೂ ನೋಡಿಯಾರು.) ಭಾರ ನಿಲ್ಲಬೇಕಾದ್ದು ಆ ಎರಡು ಗುಬಟುಗಳ ಮೇಲೆ. ಅವುಗಳ ನಡುವಿನ ಮೆತ್ತನೆಯ ಜಾಗದಲ್ಲಿ ನರಗಳೂ ರಕ್ತನಾಳಗಳೂ ಹಾದುಹೋಗುತ್ತವೆ, ಅಲ್ಲಿ ಒತ್ತಡ ಬೀಳಕೂಡದು. ಸೀಟು ಅತಿ ಮೆತ್ತಗಿದ್ದರೆ ಮೂಳೆ ಒಳಗಿಳಿದು, ನಡುವಿನ ಜೆಲ್ ಉಬ್ಬಿ, ಒತ್ತಬಾರದ ಕಡೆಯೇ ಒತ್ತುತ್ತದೆ. ಬೀಗರ ಮನೆಯ ಹಳೇ ಸೋಫಾ ಇದ್ದಂತೆ: ಮೊದಲ ಐದು ನಿಮಿಷ ಆಹಾ ಅನ್ನಿಸುತ್ತದೆ, ಆಮೇಲೆ ಮೇಲೇಳುವುದು ಹೇಗೆಂಬ ಯೋಚನೆ.

ಹಾಗಾದರೆ ನಮ್ಮಪ್ಪಂದಿರು ಅಟ್ಲಾಸ್, ಹರ್ಕ್ಯುಲಿಸ್ ಸೈಕಲ್ಲುಗಳ ಅಗಲವಾದ ಸ್ಪ್ರಿಂಗ್ ಸೀಟಿನ ಮೇಲೆ ಕೂತು, ಕ್ಯಾರಿಯರಿಗೆ ಅಕ್ಕಿಮೂಟೆ ಬಿಗಿದು, ಬಾರಿನ ಮೇಲೆ ಮಗುವನ್ನು ಕೂರಿಸಿಕೊಂಡು ಜೀವಮಾನವೆಲ್ಲ ಓಡಾಡಲಿಲ್ಲವೇ, ಎಂದು ನೀವು ಕೇಳುತ್ತೀರಿ. ಓಡಾಡಿದರು. ಆದರೆ ಅವರು ಕೂರುತ್ತಿದ್ದ ಭಂಗಿಯನ್ನು ನೆನಪಿಸಿಕೊಳ್ಳಿ. ಬೆನ್ನು ನೆಟ್ಟಗೆ, ಪಂಚೆಯ ತುದಿ ಸೊಂಟಕ್ಕೆ, ಎದುರಿಗೆ ಬಂದವರಿಗೆಲ್ಲ ನಮಸ್ಕಾರ. ಇಡೀ ಭಾರ ಸೀಟಿನ ಮೇಲೆಯೇ, ಹಾಗಾಗಿ ಅಗಲ ಬೇಕು, ಸ್ಪ್ರಿಂಗೂ ಬೇಕು. ರೋಡ್ ಬೈಕಿನವನು ಮುಂದಕ್ಕೆ ಬಾಗಿರುತ್ತಾನೆ. ಅವನ ಭಾರದಲ್ಲಿ ಕೈಗೊಂದು ಪಾಲು, ಪೆಡಲ್ಲಿಗೊಂದು ಪಾಲು, ಉಳಿದದ್ದು ಸೀಟಿಗೆ. ಅವನಿಗೆ ಆ ಅಗಲ ಸೀಟು ಕೊಟ್ಟರೆ ತೊಡೆಯ ಒಳಭಾಗ ಉಜ್ಜಿ ಉಜ್ಜಿ ಸಿಪ್ಪೆ ಏಳುತ್ತದೆ. ಇನ್ನೊಂದು ಸೂಕ್ಷ್ಮ: ಕಾಲಲ್ಲಿ ಕಸುವಿರುವವನು ಪೆಡಲನ್ನು ಜೋರಾಗಿ ಒತ್ತುವುದರಿಂದ ಅವನ ಮೈ ಸೀಟಿನಿಂದ ತುಸು ಹಗುರಾಗುತ್ತದೆ. ಹೊಸಬ ಮೆಲ್ಲಗೆ ತುಳಿಯುತ್ತಾ ಪೂರ್ತಿ ಸೀಟಿನ ಮೇಲೆಯೇ ಕೂತುಬಿಡುತ್ತಾನೆ. ಕಷ್ಟಪಡದವನಿಗೇ ಹೆಚ್ಚು ನೋವು! ಇದು ಯಾವ ಊರಿನ ನ್ಯಾಯವೋ.

ಅಂದಹಾಗೆ, ಬಾರಿನ ಮೇಲೆ ಕೂತ ಮಗುವಿನ ಪಾಡು ಇನ್ನೂ ದೊಡ್ಡದು. ಟವೆಲ್ ಸುತ್ತಿದ ಕಬ್ಬಿಣದ ಕೊಳವೆ, ಅದರ ಮೇಲೆ ಅಡ್ಡಡ್ಡಕ್ಕೆ ಕೂತರೆ ಸಂತೆ ಬರುವಷ್ಟರಲ್ಲಿ ಕಾಲು ಜೋಮು ಹಿಡಿದು, ಇಳಿಸಿದ ಕೂಡಲೇ ಕುಸಿದು ಬೀಳುವುದು. ಸೀಟಿನ ಬಾಧೆಯೇ ಇಲ್ಲದ ಸವಾರಿ ಎಂದರೆ ಒಳಪೆಡ್ಲು ಒಂದೇ. ಬಾಡಿಗೆ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ, ಮೈ ಸೊಟ್ಟ ಮಾಡಿ, ಅರ್ಧರ್ಧ ಸುತ್ತು ತುಳಿಯುತ್ತಿದ್ದ ಹುಡುಗರ ಅಂಡಿಗೂ ಸೀಟಿಗೂ ಸಂಬಂಧವೇ ಇರಲಿಲ್ಲ. ಮಂಡಿ ತರಚುತ್ತಿತ್ತು, ಸರಿ. ಅದನ್ನು ಊರಿಗೆಲ್ಲ ತೋರಿಸಿಕೊಂಡು ಬರಬಹುದಿತ್ತು.

ಈ ಸೀಟಿನ ಗೋಳಿಗೆ ಮೂಲ ಯಾರು ಎಂದು ಹುಡುಕುತ್ತಾ ಹೋದರೆ ತುಂಬಾ ದೂರ ಹೋಗಬೇಕಾಗುತ್ತದೆ. 1817ರ ಜೂನ್‌ನಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಎರಡು ಚಕ್ರದ ಮರದ ಗಾಡಿಯೊಂದನ್ನು ಏರಿ, ನೆಲವನ್ನು ಕಾಲಿಂದ ಒದ್ದುಕೊಂಡು ಹೊರಟ. ಪೆಡಲ್ ಇರಲಿಲ್ಲ, ಸೀಟು ಮಾತ್ರ ಇತ್ತು. ಅಂದರೆ ತುಳಿಯುವುದನ್ನು ಕಂಡುಹಿಡಿಯುವ ಮೊದಲೇ ಮನುಷ್ಯ ನೋಯಿಸಿಕೊಳ್ಳುವುದಕ್ಕೆ ವ್ಯವಸ್ಥೆ ಮಾಡಿಕೊಂಡಿದ್ದ. ಅವನಿಗೆ ಆ ಯೋಚನೆ ಬಂದದ್ದು ಏಕೆ? 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಅಗ್ನಿಪರ್ವತ ಸಿಡಿದು, ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರದೆ, ಬೆಳೆ ಹಾಳಾಗಿ, ಕುದುರೆಗಳಿಗೆ ಮೇವಿಲ್ಲದಂತಾಯಿತು, ಕುದುರೆಗೆ ಬದಲಿ ಬೇಕಾಯಿತು, ಎಂಬ ವಾದವೊಂದಿದೆ. ಒಪ್ಪುವವರಿದ್ದಾರೆ, ಅಡ್ಡಡ್ಡ ತಲೆಯಾಡಿಸುವವರೂ ಇದ್ದಾರೆ. ನಾನಂತೂ ಒಪ್ಪಿದ್ದೇನೆ. ನಮ್ಮ ಹುಡುಗ ಕಿಟಕಿಗೆ ಒರಗಿ ನಿಂತದ್ದಕ್ಕೆ ಒಂದು ಅಗ್ನಿಪರ್ವತವನ್ನು ಹೊಣೆ ಮಾಡುವ ಅವಕಾಶ ಸಿಕ್ಕರೆ ಬಿಡುವುದುಂಟೇ?

ಕುದುರೆಯ ಋಣ ಅಲ್ಲಿಗೂ ತೀರಲಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕುದುರೆಯ ಜೀನು, ಚರ್ಮದ ಸಾಮಾನು ಮಾಡುತ್ತಿದ್ದ ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಎಂಬಾತನ ಕುದುರೆ 1878ರಲ್ಲಿ ಸತ್ತಿತಂತೆ. ಬೇರೆ ಕುದುರೆ ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಕೆಲಸಕ್ಕೆ ಹೋಗಲು ಸೈಕಲ್ ಕಡ ತಂದ. ಆ ಸೀಟಿನ ಮೇಲೆ ಕೂತು ಹೈರಾಣಾಗಿ, ಇದಕ್ಕೆ ನಾನೇ ಏನಾದರೂ ಮಾಡುತ್ತೇನೆಂದು ಹಟತೊಟ್ಟು, 1882ರಲ್ಲಿ ಚರ್ಮದ ಸೀಟಿಗೆ ಪೇಟೆಂಟ್ ಪಡೆದ. ಬ್ರೂಕ್ಸ್ ಸೀಟು ಇವತ್ತಿಗೂ ಮಾರಾಟವಾಗುತ್ತಿದೆ. ಮುಟ್ಟಿದರೆ ಕಲ್ಲು, ಆದರೆ ಬಿಗಿದು ಕಟ್ಟಿದ ಆ ಚರ್ಮ ಕೂತವನ ಮೂಳೆಗೆ ತಕ್ಕಂತೆ ನಿಧಾನವಾಗಿ ತಗ್ಗುತ್ತದೆ. ಬೇರೆಯವರು ಪಳಗಿಸಿದ ಸೀಟು ನಮಗೆ ಆಗಿಬರುವುದಿಲ್ಲ. ಇನ್ನು ನಡುವೆ ಸೀಳು ಬಿಟ್ಟ ಸೀಟುಗಳಿವೆಯಲ್ಲ, ಇತ್ತೀಚಿನ ದೊಡ್ಡ ಸಂಶೋಧನೆ ಎಂಬಂತೆ ಅಂಗಡಿಯವರು ತೋರಿಸುತ್ತಾರಲ್ಲ, ಅಂಥವು 1890ರ ದಶಕದಲ್ಲೇ ಇದ್ದವು. ಹೆಂಗಸರು ಸೈಕಲ್ ಹತ್ತಿದರೆಂದು ಆಗಿನ ಡಾಕ್ಟರುಗಳು ಗಾಬರಿಬಿದ್ದ ಕಾಲ ಅದು.

ಸೀಟು ಯಾವುದಾದರೂ ಇರಲಿ, ಅಳತೆ ಮುಖ್ಯ. ಚಪ್ಪಲಿ ಕೊಳ್ಳುವಾಗ ನಂಬರು ಕೇಳುವ ನಾವು ಸೀಟು ಕೊಳ್ಳುವಾಗ ಬಣ್ಣ ಕೇಳುತ್ತೇವೆ. ಮೂಳೆಗಳ ನಡುವಿನ ಅಂತರ ಒಬ್ಬೊಬ್ಬರಿಗೆ ಒಂದೊಂದು ಥರ. ಹೆಂಗಸರಿಗೆ ಸಾಮಾನ್ಯವಾಗಿ ತುಸು ಜಾಸ್ತಿ. ಮೈ ದಪ್ಪವೋ ಸಣ್ಣವೋ ಎಂಬುದಕ್ಕೂ ಅದಕ್ಕೂ ಹೆಚ್ಚಿನ ನಂಟಿಲ್ಲ. ಅಳೆಯುವುದಕ್ಕೆ ಖರ್ಚೂ ಇಲ್ಲ: ಕಿರಾಣಿ ಅಂಗಡಿಯಿಂದ ರಟ್ಟಿನ ಡಬ್ಬದ ಒಂದು ತುಂಡು ತಂದು, ಗಟ್ಟಿ ಸ್ಟೂಲಿನ ಮೇಲಿಟ್ಟು, ಅದರ ಮೇಲೆ ಸ್ವಲ್ಪ ಮುಂದೆ ಬಾಗಿ ಕೂತು ಎದ್ದರೆ ಎರಡು ತಗ್ಗು ಬೀಳುತ್ತವೆ. ನಡುವಿನ ದೂರವನ್ನು ಸ್ಕೇಲಿನಿಂದ ಅಳೆದು, ಅದಕ್ಕಿಂತ ಒಂದೆರಡು ಸೆಂಟಿಮೀಟರ್ ಅಗಲದ ಸೀಟು ಹುಡುಕಬೇಕು. ನಮ್ಮ ಹುಡುಗ ಈ ಪ್ರಯೋಗ ಮಾಡಿದ್ದು ಸತ್ಯನಾರಾಯಣ ಪೂಜೆಯ ದಿನ. ಒಳಗೆ ಪುರೋಹಿತರು, ಹೊರಗೆ ರಟ್ಟಿನ ಮೇಲೆ ಕೂತು ಏಳುತ್ತಿರುವ ಮಗ. ಅಕ್ಕ ಬಂದವರಿಗೆಲ್ಲ ಏನೆಂದು ಹೇಳಿಯಾಳು?

ಎತ್ತರದ ಲೆಕ್ಕ ಇನ್ನೂ ನಾಜೂಕು. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರಾ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಮುಂಗಾಲಿನಿಂದ ತುಳಿದರೆ ಮಂಡಿಯಲ್ಲಿ ಸಣ್ಣ ಬಾಗು ಉಳಿಯುತ್ತದೆ. ಸೀಟು ಅತಿ ಎತ್ತರವಾದರೆ ಪ್ರತಿ ಸುತ್ತಿಗೂ ಸೊಂಟ ಅತ್ತಿತ್ತ ಜಗ್ಗಿ, ಚರ್ಮ ಉಜ್ಜಿ, ಮಂಡಿಯ ಹಿಂಭಾಗ ನೋಯುತ್ತದೆ. ತಗ್ಗಾದರೆ ಮಂಡಿಯ ಮುಂಭಾಗ. ಸೀಟಿನ ಮೂತಿ ಮೇಲಾಗಿದ್ದರೆ ಒತ್ತಬಾರದ ಜಾಗಕ್ಕೆ ಪೆಟ್ಟು, ಕೆಳಗಾಗಿದ್ದರೆ ಮುಂದಕ್ಕೆ ಜಾರಿ ಜಾರಿ ಅಂಗೈಗೆ ಪೆಟ್ಟು. ಮಟ್ಟಸವಾಗಿಟ್ಟು ಶುರುಮಾಡಿ, ಬದಲಿಸುವುದಾದರೆ ಒಂದು ಸಲಕ್ಕೆ ನಾಲ್ಕೈದು ಮಿಲಿಮೀಟರ್, ಅದೂ ಒಂದೇ ಒಂದನ್ನು. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಯಾವ ಸ್ಕ್ರೂನಿಂದ ಯಾವ ನೋವು ಹೋಯಿತೆಂದು ಬ್ರಹ್ಮನಿಗೂ ತಿಳಿಯದು. ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಐದು ಸಲ ಟೂರ್ ಡಿ ಫ್ರಾನ್ಸ್ ಗೆದ್ದವರು. 1969ರಲ್ಲಿ ಬಿದ್ದು ಸೊಂಟಕ್ಕೆ ಏಟಾದ ಮೇಲೆ ಅವರಿಗೆ ಸೀಟಿನ ಎತ್ತರ ಯಾವತ್ತೂ ಸರಿಬರಲಿಲ್ಲ. ಓಟದ ನಡುವೆಯೇ ಸ್ಪ್ಯಾನರ್ ತೆಗೆದು ತಿರುಗಿಸಿಕೊಳ್ಳುತ್ತಿದ್ದರು. ಅಂಥವರಿಗೇ ಹಾಗಿರುವಾಗ ನಮ್ಮ ಹುಡುಗ ಅಲನ್ ಕೀಯನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದರೆ ಅಕ್ಕ ಯಾಕೆ ಬೇಜಾರು ಮಾಡಿಕೊಳ್ಳಬೇಕು!

ಚಡ್ಡಿಯ ಪ್ರಕರಣಕ್ಕೆ ಬರೋಣ. ಸೈಕಲ್ ಚಡ್ಡಿಯೊಳಗೆ ಒಂದು ಪ್ಯಾಡ್ ಇರುತ್ತದೆ. ಒಳಗೆ ಬೇರೆ ಒಳಚಡ್ಡಿ ಹಾಕಕೂಡದು, ಹಾಕಿದರೆ ಅದರ ಹೊಲಿಗೆ ಗೆರೆಯೇ ಚರ್ಮವನ್ನು ಕೊಯ್ಯುತ್ತದೆ. ಈ ನಿಯಮವನ್ನು ಹಿರಿಯರ ಮುಂದೆ ವಿವರಿಸಲು ಹೋಗಬೇಡಿ. ಹಿಂದೆ ಆ ಪ್ಯಾಡನ್ನು ಯೂರೋಪಿನ ಶಾಮ್ವಾ ಎಂಬ ಬೆಟ್ಟದ ಮೇಕೆಯಂಥ ಪ್ರಾಣಿಯ ಚರ್ಮದಿಂದ ಮಾಡುತ್ತಿದ್ದರು. ಒಗೆದು ಒಣಗಿಸಿದರೆ ಸೆಟೆದು ನಿಲ್ಲುತ್ತಿತ್ತು, ಮೆದು ಮಾಡಲು ಕ್ರೀಮ್ ತಿಕ್ಕಬೇಕಿತ್ತು. ಚರ್ಮ ಹೋಗಿ ನೈಲಾನ್ ಬಂತು, ಕ್ರೀಮ್ ಮಾತ್ರ ಉಳಿಯಿತು, ಈಗ ಚಡ್ಡಿಗಲ್ಲ, ಮೈಗೆ. ಮಂಗಳೂರಿನ ಬೆವರಿನಲ್ಲಿ ಅದು ಬೇಕೇ ಬೇಕು, ಮೈಸೂರಿನ ಚಳಿಗಾಲಕ್ಕೆ ಇಲ್ಲದಿದ್ದರೂ ನಡೆದೀತು. ಪೌಡರ್ ಬೇಡ, ಬೆವರಿಗೆ ಕಲಸಿ ಗಂಟುಕಟ್ಟುತ್ತದೆ. ಮನೆಗೆ ಬಂದವರು ಒದ್ದೆ ಚಡ್ಡಿಯಲ್ಲೇ ಕಾಫಿ ಕುಡಿಯುತ್ತಾ ‘ಇವತ್ತು ಎಷ್ಟು ಸ್ಪೀಡು ಗೊತ್ತಾ’ ಎಂದು ಶುರುಮಾಡದೆ, ಮೊದಲು ಬಿಚ್ಚಿ ಸ್ನಾನ ಮಾಡುವುದು ಎಲ್ಲ ಕ್ರೀಮಿಗಿಂತ ಮೇಲು.

ಏಕೆಂದರೆ ಉಜ್ಜಿದ ಚರ್ಮಕ್ಕೆ ಬೆವರು, ಬೆವರಿಗೆ ಕ್ರಿಮಿ ಸೇರಿದರೆ ಕುರು ಏಳುತ್ತದೆ. ಆ ಕುರುವಿಗೆ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಫ್ರಾನ್ಸಿನ ಲೂಯಿಸಾಂ ಬೋಬೆ 1953ರಿಂದ ಸತತ ಮೂರು ವರ್ಷ ಟೂರ್ ಗೆದ್ದರು. ಮೂರನೆಯದನ್ನು ಸೀಟಿನ ಹುಣ್ಣುಗಳ ಮೇಲೆ ಕೂತೇ ಗೆದ್ದು, ಆಮೇಲೆ ಆಪರೇಷನ್ ಮಾಡಿಸಿಕೊಂಡರು. ಐರ್ಲೆಂಡಿನ ಷಾನ್ ಕೆಲ್ಲಿ 1987ರಲ್ಲಿ ಸ್ಪೇನ್ ಸುತ್ತುವ ಸೈಕಲ್ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದರು, ಇನ್ನು ಮೂರೇ ದಿನ ಬಾಕಿ. ಒಂದು ಕುರುವಿನಿಂದಾಗಿ ಸೈಕಲ್ ಇಳಿದು ಮನೆಗೆ ಹೋದರು. ಮರುವರ್ಷ ಬಂದು ಗೆದ್ದರೆನ್ನಿ. ಹಳೆಯ ಕಾಲದ ಓಟಗಾರರು ಚಡ್ಡಿಯೊಳಗೆ ಹಸಿಮಾಂಸದ ಹೋಳು ಇಟ್ಟುಕೊಂಡು ತುಳಿಯುತ್ತಿದ್ದರೆಂಬ ಕಥೆಯೂ ಇದೆ. ಇದನ್ನು ನಮ್ಮ ಪಕ್ಕದ ಮನೆಯ ರಾಯರಿಗೆ ಹೇಳಿದೆ. ಕಣ್ಣುಮುಚ್ಚಿ ಬಹಳ ಹೊತ್ತು ಯೋಚಿಸಿ, “ಸೌತೆಕಾಯಿ ಆಗೋದಿಲ್ಲವೇ?” ಎಂದರು.

ನಮ್ಮ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. ಮೂಳೆಯ ಜಾಗದಲ್ಲಿ ನೋವಾದರೆ ಹೆದರಬೇಡ, ವಾರಕ್ಕೆ ಮೂರು ದಿನ ಸ್ವಲ್ಪ ಸ್ವಲ್ಪ ದೂರ ಹೋದರೆ ಎರಡು ಮೂರು ವಾರದಲ್ಲಿ ತಾನೇ ಪಳಗುತ್ತದೆ. ಜೋಮು ಹಾಗಲ್ಲ, ಅದು ಪಳಗುವ ಜಾತಿಯದೇ ಅಲ್ಲ. ಮುಂಭಾಗ ಮರಗಟ್ಟಿದಂತಾದರೆ ಆ ಕ್ಷಣವೇ ಎದ್ದು ನಿಲ್ಲು, ಸೀಟಿನ ಕೋನ ನೋಡು. ಇಳಿದ ಮೇಲೂ ಹೋಗದಿದ್ದರೆ, ಅಥವಾ ಕುರು ಕೆಂಪಗೆ ಹರಡಿ ಜ್ವರ ಬಂದರೆ, ಕ್ಯಾಲೆಂಡರ್ ನೋಡದೆ ಡಾಕ್ಟರ ಹತ್ತಿರ ಬಾಯಿಬಿಡು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ಎದ್ದು ನಿಂತು ತುಳಿಯಬೇಕು ಎಂಬುದನ್ನೂ ಹೇಳಹೊರಟೆ. “ಅದನ್ನ ಹೇಳೋದೇ ಬೇಡ ಮಾಮ, ನಮ್ಮ ರಸ್ತೆ ಹಂಪುಗಳೇ ನಿಮಿಷಕ್ಕೊಂದು ಸಲ ಎಬ್ಬಿಸುತ್ತವೆ” ಎಂದ.

ಈಗ ಅವನು ಬ್ರೆವೆ ಎಂಬ 200 ಕಿಲೋಮೀಟರಿನ ದೂರದ ಸವಾರಿಗೆ ಹೆಸರು ಕೊಟ್ಟಿದ್ದಾನೆ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಂತೆ. ಅವನ ಸೈಕಲ್ ಗುಂಪಿನವರೆಲ್ಲ ಭಾನುವಾರ ಹೆಬ್ಬಾಳದ ಕಡೆಯಿಂದ ವಾಪಸಾಗುವಾಗ ದರ್ಶಿನಿಯೊಂದಕ್ಕೆ ನುಗ್ಗುತ್ತಾರೆ. ನಿಂತು ತಿನ್ನುವ ಹೋಟೆಲನ್ನು ಯೋಚಿಸಿದ ಪುಣ್ಯಾತ್ಮರು ಸೈಕಲ್ಲಿನವರನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಕ್ಕಿಲ್ಲ, ಆದರೆ ನೂರು ಕಿಲೋಮೀಟರ್ ತುಳಿದು ಬಂದವನಿಗೆ ಆ ಎತ್ತರದ ಟೇಬಲ್ಲಿಗಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಒಂದೇ ತೊಂದರೆ, ಅಡಿಯಲ್ಲಿ ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಇರುವ ಸೈಕಲ್ ಶೂಗಳನ್ನು ಹಾಕಿಕೊಂಡು ಈಗಷ್ಟೇ ಒರೆಸಿದ ಟೈಲ್ಸ್ ನೆಲದ ಮೇಲೆ ಎರಡು ಕೈಯಲ್ಲೂ ತುಂಬಿದ ಸಾಂಬಾರ್ ಬಟ್ಟಲು ಹಿಡಿದು ನಡೆಯಬೇಕು. ಹೋದ ವಾರ ಅವರಲ್ಲೊಬ್ಬ ಮಹಾಶಯ ಕೌಂಟರಿನಿಂದ ಟೇಬಲ್ಲಿನ ತನಕ... ಇರಲಿ, ಆ ಶೂಗಳದ್ದೇ ಒಂದು ದೊಡ್ಡ ಕಥೆ. ಕಾಫಿ ಬರಲಿ, ಹೇಳುತ್ತೇನೆ.