ಏಪ್ರಿಲ್‌ನಲ್ಲಿ ಹಣ್ಣು ಕೇಳಬಾರದು

ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವ ರೂಢಿ ಇದೆ. ಒಬ್ಬೊಬ್ಬರೇ ಎದ್ದು ನಿಂತು ದೇವರು ತಮಗೆ ಮಾಡಿದ ಒಳ್ಳೆಯದನ್ನು ಎಲ್ಲರ ಮುಂದೆ ಹೇಳ್ತಾರೆ. ಒಬ್ಬರಿಗೆ ವೀಸಾ ಬಂತು, ಇನ್ನೊಬ್ಬರ ಹೋಮ್ ಲೋನ್ ಮಂಜೂರಾಯಿತು, ಮತ್ತೊಬ್ಬರ ಮಗಳಿಗೆ ಕ್ಯಾಂಪಸ್‌ನಲ್ಲೇ ಕೆಲಸ ಸಿಕ್ತು. ಉಳಿದವರು ‘ಸ್ತೋತ್ರ’ ಅಂತೀವಿ. ಸಂತೋಷಪಡುವ ವಿಷಯವೇ. ಆದರೆ ಅದೇ ಕೋಣೆಯಲ್ಲಿ, ಕೇಳಿದ್ದು ಸಿಗದವರೂ ಕೂತಿರ್ತಾರೆ. ಅವರು ಎದ್ದು ನಿಲ್ಲೋದಿಲ್ಲ. ಎರಡು ವರ್ಷ ನಾನೂ ಅವರ ಜೊತೆ ಸುಮ್ಮನೆ ಕೂತಿದ್ದೆ.

ಅಪ್ಪನ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್. ವಿಜಯಪುರದ ಕಡೆಯ ನಮ್ಮೂರಿಂದ ಅಪ್ಪ-ಅವ್ವನನ್ನು ಬೆಂಗಳೂರಿನ ನನ್ನ ಬಾಡಿಗೆ ಮನೆಗೆ ಕರೆತಂದೆ. ಕುಡಿಯುವ ನೀರಿಗೂ ಲೆಕ್ಕ. ಬೇಸಿಗೆಯಲ್ಲಿ ಅಪ್ಪ ಲೋಟವನ್ನು ನೋಡಿ ಮುಖ ತಿರುಗಿಸೋದು ನೋಡಿದರೆ ನನಗೆ ನೀರು ಇಳೀತಿರಲಿಲ್ಲ. ಕ್ರಿಯಾಟಿನಿನ್ ಡಯಾಲಿಸಿಸ್ ಆದಮೇಲೆ ಇಳಿಯೋದು, ಎರಡು ದಿನಕ್ಕೆ ಮತ್ತೆ ಏರೋದು. ನಮ್ಮ ಮನೆಯಲ್ಲಿ ದಿನಾ ರಾತ್ರಿ ಒಂದೇ ಪ್ರಾರ್ಥನೆ: ಅಪ್ಪ ಗುಣವಾಗಲಿ. ಅಪ್ಪ ಗುಣವಾಗಲಿಲ್ಲ. ಎರಡನೇ ವರ್ಷದ ಕೊನೆಯಲ್ಲಿ ತೀರಿಹೋದರು.

‘ನಂಬಿಕೆ ಸಾಲದೆ ಹೋಯ್ತೇನೋ’ ಅಂದವರೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಆ ಮಾತು ಬೈಬಲ್ಲಿಗೇ ಒಪ್ಪೋದಿಲ್ಲ. ತನ್ನ ಶರೀರದಲ್ಲಿ ನಾಟಿದ್ದ ಮುಳ್ಳನ್ನು ತೆಗೆಯಲು ಪೌಲನು ಮೂರು ಸಲ ಬೇಡಿಕೊಂಡ, ಮುಳ್ಳು ಉಳಿಯಿತು. ಗೆತ್ಸೆಮನೆ ತೋಟದಲ್ಲಿ ಯೇಸು ಸ್ವಾಮಿಯೇ ಆ ಪಾತ್ರೆ ತನ್ನಿಂದ ದೂರವಾಗಲಿ ಎಂದು ಬೇಡಿದರು, ಮರುದಿನ ಶಿಲುಬೆ. ಇವರಿಗೆ ನಂಬಿಕೆ ಕಡಿಮೆ ಇತ್ತು ಅಂತ ಯಾರೂ ಹೇಳಲಾರರು.

ಹಾಗಾದರೆ ಫಲ ಅಂದರೆ ಏನು? ಇದನ್ನು ನನಗೆ ಅರ್ಥ ಮಾಡಿಸಿದ್ದು ಅಪ್ಪ, ಅದೂ ಡಯಾಲಿಸಿಸ್ ಕುರ್ಚಿಯಲ್ಲಿ ಕೂತು.

ಯೋಹಾನನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ತನ್ನನ್ನು ದ್ರಾಕ್ಷಿ ಬಳ್ಳಿಗೆ, ನಮ್ಮನ್ನು ಕೊಂಬೆಗಳಿಗೆ ಹೋಲಿಸುತ್ತಾರೆ. ಫಲ ಕೊಡುವ ಕೊಂಬೆಯನ್ನೂ ತೋಟಗಾರ ಕತ್ತರಿಸುತ್ತಾನೆ, ಇನ್ನೂ ಹೆಚ್ಚು ಕೊಡಲಿ ಅಂತ. ಬೇರೆ ಊರಿನವರಿಗೆ ಇದು ಬರೀ ಹೋಲಿಕೆ. ನಮ್ಮ ಕಡೆ ಇದು ಹೊಲದ ಕೆಲಸ. ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸೋದು. ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಇನ್ನೊಂದು. ಏಪ್ರಿಲ್ ಚಾಟ್ನಿ ಆದಮೇಲೆ ಬಳ್ಳಿಯಲ್ಲಿ ಬರೀ ಎಲೆ, ಕಡ್ಡಿ. ಹಣ್ಣಿಗಾಗಿ ಅದನ್ನು ಮಾಡೋದೇ ಇಲ್ಲ. ಆದರೆ ಅದೇ ತಿಂಗಳುಗಳಲ್ಲಿ ಆ ಹೊಸ ಕಡ್ಡಿಯ ಕಣ್ಣುಗಳೊಳಗೆ ಮುಂದಿನ ಗೊಂಚಲು ರೂಪುಗೊಳ್ತಿರುತ್ತೆ. ಹೊರಗಿಂದ ಏನೂ ಕಾಣಲ್ಲ. ಅಕ್ಟೋಬರ್ ಚಾಟ್ನಿ ಆದಮೇಲೆ ಗೊಂಚಲು ಹೊರಬಂದು, ಬೇಸಿಗೆಯ ಹೊತ್ತಿಗೆ ಹಣ್ಣು.

“ಏಪ್ರಿಲ್‌ದಾಗ ಹಣ್ಣ ಕೇಳಬಾರ್ದವಾ” ಅಂದಿದ್ದರು ಅಪ್ಪ. “ಬಳ್ಳಿ ಬಿಟ್ಟು ಹೋಗಬಾರ್ದು, ಅಷ್ಟ.”

ಅಪ್ಪನ ಕಾಯಿಲೆಯೇ ದೇವರ ಚಾಟ್ನಿ ಅಂತ ನಾನು ಹೇಳ್ತಿಲ್ಲ. ರೋಗ ರೋಗವೇ. ಹಣ್ಣು ಕಾಣದ ಕಾಲದಲ್ಲೂ ಬಳ್ಳಿಯೊಳಗೆ ಕೆಲಸ ನಡೀತಿರುತ್ತೆ ಅನ್ನೋದಷ್ಟೇ ನನಗೆ ತಿಳಿದದ್ದು. ಅದನ್ನು ನಾನು ಕಣ್ಣಾರೆ ಕಂಡೆ.

ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪೌಲ ಪವಿತ್ರಾತ್ಮನ ಫಲವನ್ನು ಒಂಬತ್ತು ಗುಣಗಳಾಗಿ ಹೇಳ್ತಾನೆ. ಅದರಲ್ಲಿ ಸಂಬಳ ಇಲ್ಲ, ಮನೆ ಇಲ್ಲ, ಆರೋಗ್ಯವೂ ಇಲ್ಲ. ನಮ್ಮ ಹಳೆಯ ಕನ್ನಡ ಬೈಬಲ್ ಅದರಲ್ಲಿ ಒಂದಕ್ಕೆ ‘ದೀರ್ಘಶಾಂತಿ’ ಅನ್ನುತ್ತೆ. ಬರೀ ತಾಳ್ಮೆಯಲ್ಲ, ಬಹಳ ದಿನ ತಡೆಯುವ ಶಾಂತಿ. ಅಪ್ಪ ಮೇಷ್ಟ್ರಾಗಿದ್ದವರು, ಮೂಗಿನ ತುದಿಯಲ್ಲೇ ಕೋಪ. ಒಮ್ಮೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಎರಡು ಸಲ ಸೂಜಿ ಚುಚ್ಚಿದರೂ ರಕ್ತನಾಳ ಸಿಗಲಿಲ್ಲ. ಅವನ ಕೈ ನಡುಗ್ತಿತ್ತು. ಅಪ್ಪ ಈಗ ಕೂಗ್ತಾರೆ ಅಂತ ನಾನು ಎದ್ದು ನಿಂತೆ. “ಅವಸರ ಬ್ಯಾಡಪ್ಪ, ನಿಧಾನಕ್ಕ ನೋಡು” ಅಂದರು. ಆ ದನಿ ನಾನು ನಮ್ಮ ಮನೆಯಲ್ಲಿ ಕೇಳಿರಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಆಟೋ ಓಡಿಸುತ್ತಿದ್ದ ಒಬ್ಬರು ಇರ್ತಿದ್ದರು. ಅಪ್ಪ ಅವರ ಹೆಸರು, ಮಕ್ಕಳ ಹೆಸರು ಕೇಳಿ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಸೂಜಿ ಚುಚ್ಚಿದ ಹುಡುಗನ ಹೆಸರೂ ಸೇರಿತು. ರಾತ್ರಿಯ ಪ್ರಾರ್ಥನೆ ಬರ್ತಾ ಬರ್ತಾ ಉದ್ದವಾಯ್ತು. ಅದರಲ್ಲಿ ಅಪ್ಪನ ಕಿಡ್ನಿಯ ಭಾಗ ಚಿಕ್ಕದಾಯ್ತು. ಅವ್ವ ಬುತ್ತಿಗೆ ನಾಲ್ಕು ಚಪಾತಿ ಹೆಚ್ಚು ಹಾಕತೊಡಗಿದಳು, ಅಲ್ಲಿ ಕಾಯುತ್ತಾ ಕೂತವರಿಗೆ. ಬಳ್ಳಿ ತನ್ನ ಹಣ್ಣನ್ನು ತಾನೇ ತಿನ್ನೋದಿಲ್ಲ ಅಲ್ವಾ? ಫಲ ಬಂದಿದೆಯೋ ಇಲ್ಲವೋ ಅಂತ ಹತ್ತಿರ ಇರುವವರಿಗೇ ಮೊದಲು ಗೊತ್ತಾಗೋದು.

ಈಗ ಆ ನೋಟ್‌ಬುಕ್ ನನ್ನ ಬ್ಯಾಗಿನಲ್ಲಿದೆ. ಮೆಟ್ರೋದಲ್ಲಿ ಸೀಟು ಸಿಕ್ಕರೆ ಫೋನ್ ಒಳಗಿಟ್ಟು ಹತ್ತು ನಿಮಿಷ ಕಣ್ಣು ಮುಚ್ತೀನಿ. ಮೊದಲು ಸುಮ್ಮನೆ ಇರ್ತೀನಿ. ಆಮೇಲೆ ಹೆಸರುಗಳು: ಅಪ್ಪ ಬರೆದವು, ನಾನು ಸೇರಿಸಿದವು, ಟೀಮಿನಲ್ಲಿ ನನಗೆ ಆಗದ ಒಬ್ಬರದ್ದೂ. ಕೊನೆಗೆ ನನ್ನ ಬೇಡಿಕೆ. ಕೇಳೋದನ್ನು ನಾನು ಬಿಟ್ಟಿಲ್ಲ. ಮಕ್ಕಳು ತಂದೆ ಹತ್ತಿರ ಕೇಳದೆ ಇನ್ಯಾರ ಹತ್ತಿರ ಕೇಳಬೇಕು? ಕೆಲವು ವಾರ ಮನಸ್ಸು ಒಣಗಿರುತ್ತೆ, ಮಾತು ಬರಲ್ಲ. ಆಗ ಹೆಸರುಗಳನ್ನಷ್ಟೇ ಓದ್ತೀನಿ. ಅದೂ ಪ್ರಾರ್ಥನೆಯೇ.

ಕೇಳಿದ್ದು ಇನ್ನೂ ಸಿಗದ ಯಾರಾದರೂ ಇದನ್ನು ಓದ್ತಿದ್ದರೆ, ನಿಮ್ಮ ನಂಬಿಕೆಯನ್ನು ತಕ್ಕಡಿಗೆ ಹಾಕಬೇಡಿ. ರಾತ್ರಿ ಮಲಗುವ ಮುಂಚೆ, ‘ಇವತ್ತು ನನಗೆ ಏನು ಸಿಕ್ತು’ ಅಂತ ಕೇಳುವ ಜಾಗದಲ್ಲಿ, ‘ಇವತ್ತು ನನ್ನಿಂದ ಯಾರಿಗೆ ಏನು ಸಿಕ್ತು’ ಅಂತ ಒಮ್ಮೆ ಕೇಳಿ ನೋಡಿ. ಕೆಲವು ದಿನ ಉತ್ತರ ಇರಲ್ಲ. ಇರುವ ದಿನ, ಆ ಹೆಸರನ್ನು ಬರೆದಿಡಿ.