ಹಸಿವಿಲ್ಲದ ಬೆಕ್ಕು



ನಿಮ್ಮ ಮನೆಯಲ್ಲಿ ಬೆಕ್ಕಿದೆಯೇ? ಇದ್ದರೆ ನೀವು ಇದನ್ನು ಓದುತ್ತಿರುವಾಗ ಅದು ನಿಮ್ಮ ಕಾಲ ಬಳಿಯೇ ಸುತ್ತುತ್ತಿರಬಹುದು. ನಮ್ಮ ಮನೆಗೆ ಕಳೆದ ವರ್ಷ ಬಂದ ಬೆಕ್ಕು ಸ್ವಲ್ಪ ಬೇರೆ ತರಹದ್ದು. ಅದು ಹಾಲು ಕುಡಿಯುವುದಿಲ್ಲ, ಮೀನು ಕದಿಯುವುದಿಲ್ಲ, ಮರಿ ಹಾಕುವುದಿಲ್ಲ. ಹೊಟ್ಟೆಯೊಳಗೆ ಬ್ಯಾಟರಿ ಹಾಕಿದರೆ ಸಾಕು. ಬೆನ್ನು ಸವರಿದರೆ ಗುರ್‌ಗುಟ್ಟುತ್ತದೆ, ಮುಂಗಾಲೆತ್ತಿ ಮುಖ ಒರೆಸಿಕೊಳ್ಳುತ್ತದೆ, ಇನ್ನೂ ಸವರಿದರೆ ಮಗ್ಗುಲಾಗಿ ಹೊಟ್ಟೆ ತೋರಿಸುತ್ತದೆ. ದೂರದಿಂದ ನೋಡಿದವರು ಜೀವಂತ ಬೆಕ್ಕೆಂದೇ ತಿಳಿಯುತ್ತಾರೆ.

ಅದು ಬಂದದ್ದು ನನ್ನ ಉಮ್ಮನಿಗಾಗಿ.

ಹಳ್ಳಿಯ ನಮ್ಮ ಮನೆಯ ಹಿಂಬಾಗಿಲಲ್ಲಿ ಬೆಕ್ಕು ಇಲ್ಲದ ದಿನವನ್ನು ನಾನು ಕಂಡದ್ದಿಲ್ಲ. ಉಮ್ಮ ಬೂತಾಯಿ ಕೊಯ್ಯಲು ಕುಳಿತರೆ ಮೊದಲ ತಲೆ ಬೆಕ್ಕಿಗೆ. ಮನೆಯಲ್ಲಿ ಗಂಜಿ ಮಾತ್ರ ಇದ್ದ ದಿನ ಬೆಕ್ಕಿಗೂ ಗಂಜಿ. ನಾವು ಮಕ್ಕಳು ಉಂಡು ಕೈ ತೊಳೆದರೆ, "ಬೆಕ್ಕಿಗೆ ಹಾಕಿದಿರಾ?" ಎಂಬ ಪ್ರಶ್ನೆ ತಪ್ಪುತ್ತಿರಲಿಲ್ಲ. ಬೆಕ್ಕನ್ನು ಕಟ್ಟಿಹಾಕಿ, ಆಹಾರ ಕೊಡದೆ, ಹೊರಗೆ ಹುಡುಕಿ ತಿನ್ನಲೂ ಬಿಡದೆ ಸಾಯಿಸಿ ನರಕಕ್ಕೆ ಹೋದ ಹೆಂಗಸಿನ ಕಥೆಯನ್ನು ನಾನು ಮದ್ರಸದಲ್ಲಿ ಹದೀಸ್ ಎಂದು ಕಲಿಯುವುದಕ್ಕೂ ಎಷ್ಟೋ ಮೊದಲು ಉಮ್ಮನ ಬಾಯಿಂದ ಕೇಳಿದ್ದೆ.

ಈಗ ಉಮ್ಮನಿಗೆ ಮರೆವಿನ ಕಾಯಿಲೆ. ವೈದ್ಯರು ಅದಕ್ಕೆ ಡಿಮೆನ್ಷಿಯಾ ಎನ್ನುತ್ತಾರೆ. ಒಬ್ಬರೇ ಇರುವಂತಿಲ್ಲವಾದ್ದರಿಂದ ಪಟ್ಟಣದ ನಮ್ಮ ಫ್ಲಾಟಿಗೆ ಕರೆತಂದೆವು. ಮೂರನೇ ಮಹಡಿ, ಬಾಡಿಗೆ ಮನೆ, ಪ್ರಾಣಿ ಸಾಕಬಾರದೆಂಬ ಷರತ್ತು ಬೇರೆ. ಉಮ್ಮ ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಇಲ್ಲದ ಹಿಂಬಾಗಿಲನ್ನು ಹುಡುಕುತ್ತಿದ್ದರು. ಮಗ್ರಿಬ್‌ನ ಹೊತ್ತಿಗೆ ಚಡಪಡಿಕೆ ಹೆಚ್ಚುತ್ತಿತ್ತು. ದುಬೈಯಲ್ಲಿರುವ ನನ್ನ ತಮ್ಮ ರಜೆಯಲ್ಲಿ ಬರುವಾಗ ಈ ಬೆಕ್ಕನ್ನು ತಂದ. ಮರೆವಿನ ಕಾಯಿಲೆಯವರಿಗೆ ಇದು ಒಳ್ಳೆಯದೆಂದು ಅವನಿಗೆ ಯಾರೋ ಹೇಳಿದ್ದರಂತೆ.

ಇಂತಹ ಯಂತ್ರಪ್ರಾಣಿಗಳು ಇಂದು ನಿನ್ನೆಯವಲ್ಲ ಎಂದು ಆಮೇಲೆ ಓದಿ ತಿಳಿದೆ. ಜಪಾನಿನ ಸೋನಿ ಕಂಪೆನಿ 1999ರಲ್ಲೇ 'ಐಬೊ' ಎಂಬ ಯಂತ್ರದ ನಾಯಿಯನ್ನು ಮಾರುಕಟ್ಟೆಗೆ ತಂದಿತ್ತು. ಬೆಲೆ ಎರಡೂವರೆ ಲಕ್ಷ ಯೆನ್. ಆದರೂ ಜಪಾನಿನಲ್ಲಿ ಮಾರಾಟಕ್ಕಿಟ್ಟ 3,000 ನಾಯಿಗಳು ಕೇವಲ 20 ನಿಮಿಷಗಳಲ್ಲಿ ಖರ್ಚಾದವು. 2006ರಲ್ಲಿ ಕಂಪೆನಿ ಅದರ ತಯಾರಿಕೆಯನ್ನು ನಿಲ್ಲಿಸಿತು, 2014ರಲ್ಲಿ ದುರಸ್ತಿಯೂ ನಿಂತಿತು. ಬಿಡಿಭಾಗ ಸಿಗದೆ ಕೆಟ್ಟುಹೋದ ನಾಯಿಗಳಿಗಾಗಿ ಚೀಬಾ ಪ್ರಾಂತ್ಯದ ಒಂದು ಬೌದ್ಧ ಮಂದಿರದಲ್ಲಿ ಸಾಮೂಹಿಕ ಅಂತ್ಯಕ್ರಿಯೆಯೇ ನಡೆಯಿತು! 2018ರಲ್ಲಿ ಕಂಪೆನಿ ಮತ್ತೆ ಹೊಸ ಐಬೊವನ್ನು ಹೊರತಂದಿತು.

ಇನ್ನೊಂದು 'ಪಾರೊ'. ಜಪಾನಿನ ವಿಜ್ಞಾನಿ ತಕನೋರಿ ಶಿಬಾಟ ರೂಪಿಸಿದ ಬಿಳಿ ತುಪ್ಪಳದ ಸೀಲ್ ಮರಿ. ತೂಕ ಸುಮಾರು 2.7 ಕಿಲೋ, ಹೆಚ್ಚುಕಡಿಮೆ ಹುಟ್ಟಿದ ಮಗುವಿನಷ್ಟೇ. ಮುಟ್ಟಿದರೆ, ಮಾತನಾಡಿಸಿದರೆ ಕಣ್ಣು ತೆರೆದು ದನಿ ಮಾಡುತ್ತದೆ. ಅದರ ಚಾರ್ಜರ್ ಕೂಡ ಮಗುವಿನ ಬಾಯಿಗಿಡುವ ನಿಪ್ಪಲ್‌ನ ಆಕಾರದಲ್ಲಿದೆ. ನಾಯಿ ಬೆಕ್ಕು ಬಿಟ್ಟು ಸೀಲನ್ನೇ ಏಕೆ ಆರಿಸಿದರು ಗೊತ್ತೇ? ನಾಯಿ ಬೆಕ್ಕುಗಳನ್ನು ಎಲ್ಲರೂ ಬಲ್ಲರು, ನಕಲಿ ಎಂದು ಬೇಗ ಗುರುತಿಸಿಬಿಡುತ್ತಾರೆ. ಸೀಲನ್ನು ಹತ್ತಿರದಿಂದ ಕಂಡವರು ಕಡಿಮೆ. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಪಾರೊವನ್ನು ವೈದ್ಯಕೀಯ ಸಾಧನವೆಂದು ಒಪ್ಪಿಕೊಂಡಿತು. ಅದರ ಬೆಲೆ ಸಾವಿರಾರು ಡಾಲರ್. ವೃದ್ಧರಿಗೆಂದೇ ಅಗ್ಗದ ಬೆಲೆಯ ಯಂತ್ರದ ಬೆಕ್ಕನ್ನು 2015ರಲ್ಲಿ ಅಮೆರಿಕದ ಆಟಿಕೆ ಕಂಪೆನಿ ಹಾಸ್‌ಬ್ರೋ ತಂದಿತು. ನಮ್ಮ ಮನೆಗೆ ಬಂದದ್ದೂ ಆ ಜಾತಿಯದೇ.

ಮೊದಲ ದಿನ ಉಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡ ದೃಶ್ಯವನ್ನು ನಾನು ಮರೆಯಲಾರೆ. ಎಷ್ಟೋ ತಿಂಗಳ ನಂತರ ಅವರ ಕೈಗಳಿಗೆ ಒಂದು ಕೆಲಸ ಸಿಕ್ಕಿತ್ತು. ಸವರುತ್ತಾ ಸವರುತ್ತಾ ತಮ್ಮ ಬಾಲ್ಯದ ಮಾತು ಹೇಳತೊಡಗಿದರು. ಮಗ್ರಿಬ್‌ನ ಚಡಪಡಿಕೆಯೂ ಇಳಿಯಿತು. ಆಸ್ಟ್ರೇಲಿಯಾದಲ್ಲಿ 28 ವೃದ್ಧಾಶ್ರಮಗಳ 415 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಪಾರೊದ ಬಗ್ಗೆ ಹೀಗೆಯೇ ಹೇಳಿದೆ. ಅದು ಜೊತೆಗಿದ್ದಾಗ ಮರೆವಿನ ಕಾಯಿಲೆಯವರು ಹೆಚ್ಚು ಮಾತನಾಡಿದರು, ಅವರ ಮುಖದಲ್ಲಿ ಗೆಲುವು ಕಂಡಿತು. ಆದ್ದರಿಂದ ಇದೆಲ್ಲ ಬರೀ ಮೋಸ ಎಂದು ತಳ್ಳಿಹಾಕುವವಳು ನಾನಲ್ಲ.

ಇದು ಪ್ರತಿಮೆಯಲ್ಲವೇ, ಮನೆಯಲ್ಲಿಡಬಹುದೇ ಎಂದು ನನ್ನ ವಿದ್ಯಾರ್ಥಿನಿಯರೂ ಕೇಳಿದರು. ಆಯಿಶಾ(ರ)ರ ಬಳಿ ಗೊಂಬೆಗಳಿದ್ದವು, ಅವುಗಳಲ್ಲಿ ಬಟ್ಟೆಯ ಎರಡು ರೆಕ್ಕೆಗಳಿದ್ದ ಕುದುರೆಯೂ ಇತ್ತು. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿ(ಸ)ರು ಕೇಳಿದಾಗ, ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಆಯಿಶಾ(ರ) ಮರುನುಡಿದರು. ಪ್ರವಾದಿ(ಸ)ರು ಮನಸಾರೆ ನಕ್ಕುಬಿಟ್ಟರು. ಈ ಘಟನೆ ಅಬೂದಾವೂದ್‌ನಲ್ಲಿದೆ. ಪೂಜೆಯ ವಿಗ್ರಹ ಬೇರೆ, ಆಟಿಕೆ ಬೇರೆ ಎಂದು ನಾನು ಹೇಳಿದೆ. ಹೆಚ್ಚಿನದನ್ನು ವಿದ್ವಾಂಸರಲ್ಲಿ ಕೇಳಿ ತಿಳಿಯಿರಿ ಎಂದೂ ಹೇಳಿದೆ. ನನ್ನನ್ನು ಕಾಡಿದ ಪ್ರಶ್ನೆ ಬೇರೆಯೇ ಇತ್ತು.

ಒಂದು ದಿನ ಅಸರ್ ಕಳೆದು ಮನೆಗೆ ಬಂದಾಗ ಉಮ್ಮ ಅಳುತ್ತಿದ್ದರು. ಹಗಲು ನೋಡಿಕೊಳ್ಳುವ ನೆರೆಮನೆಯ ಮಹಿಳೆ ಸಮಾಧಾನ ಮಾಡಿ ಸೋತಿದ್ದರು. ಬೆಕ್ಕಿನ ಬಾಯಿ, ಎದೆಯ ತುಪ್ಪಳವೆಲ್ಲ ಗಂಜಿ ಮತ್ತು ಮೀನಿನ ಸಾರಿನಿಂದ ಅಂಟಾಗಿತ್ತು. ಉಮ್ಮ ತಮ್ಮ ತಟ್ಟೆಯ ಬಂಗುಡೆಯನ್ನು ಮುಟ್ಟಿರಲಿಲ್ಲ.

"ಮಗಳೇ, ಇದು ಏನೂ ತಿನ್ನುತ್ತಿಲ್ಲ. ಎಷ್ಟು ದಿನದಿಂದ ಉಪವಾಸವೋ ಏನೋ. ನೀವು ಇದನ್ನು ಹೊರಗೂ ಬಿಡುವುದಿಲ್ಲ. ನಾಳೆ ಅಲ್ಲಾಹನು ಕೇಳಿದರೆ ನಾನೇನು ಹೇಳಲಿ?"

ನನ್ನ ಎದೆ ಧಸಕ್ಕೆಂದಿತು. ಮಕ್ಕಳ ಹೆಸರನ್ನೇ ಮರೆಯುತ್ತಿರುವ ಉಮ್ಮ ಆ ಹೆಂಗಸಿನ ಕಥೆಯನ್ನು ಮರೆತಿರಲಿಲ್ಲ! ಜೀವವಿಲ್ಲದ ವಸ್ತುವೊಂದು ಹಸಿದಿದೆಯೆಂದು ತಾನು ಉಣ್ಣದೆ ಕುಳಿತಿದ್ದರು. ಉಮ್ಮನ ನೆಮ್ಮದಿಗೆಂದು ತಂದ ಬೆಕ್ಕು ಉಮ್ಮನ ದಯೆಯನ್ನೇ ಅವರಿಗೆ ಶಿಕ್ಷೆಯಾಗಿ ಮಾಡಿಬಿಟ್ಟಿತ್ತು.

"ಅದು ಆಗಲೇ ತಿಂದಿದೆ ಉಮ್ಮ" ಎಂದು ಸುಳ್ಳು ಹೇಳುವುದು ಸುಲಭವಿತ್ತು. ಆದರೆ ನಾಲಗೆ ಏಳಲಿಲ್ಲ. ಬೆಕ್ಕನ್ನು ತಿರುಗಿಸಿ ಹೊಟ್ಟೆಯ ಮುಚ್ಚಳ ತೆಗೆದು ಬ್ಯಾಟರಿ ತೋರಿಸಿದೆ. "ಇದು ಆಟಿಕೆ ಉಮ್ಮ. ಇದಕ್ಕೆ ಹಸಿವಾಗುವುದಿಲ್ಲ."

ಉಮ್ಮ ಬಹಳ ಹೊತ್ತು ನೋಡಿದರು. ಕೊನೆಗೆ, "ಹಸಿವೇ ಆಗುವುದಿಲ್ಲವಾ? ಹಾಗಾದರೆ ಇದಕ್ಕೆ ನಾವು ಯಾಕೆ?" ಎಂದರು.

ಸಹೋದರಿಯರೇ, ಹದಿನೈದು ವರ್ಷ ಪಾಠ ಮಾಡಿದ ನನಗೆ ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಆ ರಾತ್ರಿ ನನಗೆ ಅಬೂ ಖತಾದ(ರ)ರ ಘಟನೆ ನೆನಪಾಯಿತು. ಅವರ ಸೊಸೆ ಕಬ್ಶಾ ಅವರಿಗೆ ವುಝೂವಿಗೆ ನೀರು ಇಟ್ಟಿದ್ದರು. ಬೆಕ್ಕೊಂದು ಬಂದಾಗ ಅದು ಕುಡಿದು ಮುಗಿಸುವವರೆಗೂ ಅವರು ಪಾತ್ರೆಯನ್ನು ಅದರತ್ತ ವಾಲಿಸಿ ಹಿಡಿದರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಮ್ಮ ನಡುವೆ ಸುತ್ತಾಡುವ ಜೀವಿ ಎಂದು ಪ್ರವಾದಿ(ಸ)ರು ಹೇಳಿದ್ದನ್ನು ತಿಳಿಸಿದರು. ದಯೆಗೆ ಎದುರಿಗೊಂದು ಬಾಯಾರಿಕೆ ಬೇಕು. ಬಾಯಾರಿದ ನಾಯಿಗೆ ಬಾವಿಯಿಂದ ನೀರು ತಂದು ಕುಡಿಸಿದವನಿಗೆ ಕ್ಷಮೆ ಸಿಕ್ಕಿತು ಎಂದು ಹದೀಸ್‌ನಲ್ಲಿದೆ. ಆ ನಾಯಿಗೆ ನಿಜವಾಗಿಯೂ ಬಾಯಾರಿತ್ತು. ನಮ್ಮ ಬೆಕ್ಕಿಗೆ ನಮ್ಮಿಂದ ಏನೂ ಬೇಕಾಗಿಲ್ಲ.

ಹಾಗೆಂದು ಯಂತ್ರಪ್ರಾಣಿ ಎಲ್ಲ ಕಡೆಯೂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕೇರಳದ ತೃಶ್ಶೂರಿನ ಇರಿಂಜಾಡಪಿಳ್ಳಿ ಶ್ರೀಕೃಷ್ಣ ದೇವಸ್ಥಾನದಲ್ಲಿ 2023ರ ಫೆಬ್ರವರಿಯಿಂದ ಉತ್ಸವಕ್ಕೆ ಯಂತ್ರದ ಆನೆ ಇದೆ. ಕಬ್ಬಿಣದ ಚೌಕಟ್ಟಿಗೆ ರಬ್ಬರ್ ಹೊದಿಸಿದ, ಸುಮಾರು 800 ಕಿಲೋ ತೂಕದ ಆ ಆನೆ ಕಿವಿ, ಬಾಲ, ಸೊಂಡಿಲು ಅಲ್ಲಾಡಿಸುತ್ತದೆ. ಮೈಸೂರಿನ ಸುತ್ತೂರು ಮಠಕ್ಕೂ ಅಂಥದೊಂದು ಬಂದಿದೆ. ಇದು ದೇವಸ್ಥಾನಗಳ ವಿಷಯ, ನಮಗೇನು ಎನ್ನಬೇಡಿ. ಮಲಬಾರಿನ ನೇರ್ಚೆಗಳಲ್ಲೂ ಆನೆಗಳನ್ನು ಮೆರವಣಿಗೆ ಮಾಡುತ್ತಾರೆ. 2025ರ ಜನವರಿಯಲ್ಲಿ ತಿರೂರಿನ ಪುದಿಯಂಗಾಡಿ ನೇರ್ಚೆಯಲ್ಲಿ ಆನೆ ಕೆರಳಿ ಒಬ್ಬರನ್ನು ಎತ್ತಿ ಎಸೆಯಿತು, ಅವರು ಮುಂದೆ ತೀರಿಕೊಂಡರು. ಕಾಲಿಗೆ ಸರಪಳಿ, ಸುತ್ತಲೂ ಜನಸಂದಣಿ, ಗದ್ದಲ. ಕಾಡಿನ ಜೀವಿ ಎಷ್ಟು ಸಹಿಸೀತು? ಭೂಮಿಯ ಪ್ರಾಣಿ ಪಕ್ಷಿಗಳೂ ನಮ್ಮಂತೆಯೇ ಸಮುದಾಯಗಳೆಂದು ಕುರ್‌ಆನ್ ಕಲಿಸುತ್ತದೆ. ಒಂದು ಜೀವಿಯ ನೋವನ್ನು ತಪ್ಪಿಸಲು ಯಂತ್ರ ಅದರ ಜಾಗಕ್ಕೆ ಬಂದರೆ ಅದು ದಯೆಯೇ. ಆದರೆ ನಮ್ಮ ತೊಂದರೆಯನ್ನು ತಪ್ಪಿಸಲು ಬಂದರೆ?

ಇಲ್ಲಿ ನಾನು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಬೆಕ್ಕು ಬಂದ ಮೇಲೆ ನಾನು ಉಮ್ಮನ ಬಳಿ ಕೂರುವುದನ್ನು ಕಡಿಮೆ ಮಾಡಿದ್ದೆ. ಮಗ್ರಿಬ್ ಆದ ಕೂಡಲೇ ಬೆಕ್ಕನ್ನು ಅವರ ಮಡಿಲಿಗಿಟ್ಟು ಉತ್ತರ ಪತ್ರಿಕೆ ತಿದ್ದಲು ಹೋಗುತ್ತಿದ್ದೆ. ಒಳಗಿನಿಂದ ಗುರ್‌ಗುಟ್ಟುವ ಸದ್ದು ಕೇಳುತ್ತಿದ್ದರೆ ನನಗೆ ನಿರಾಳ. ತಮ್ಮನ ಫೋನ್ ಕರೆಗಳೂ ವಿರಳವಾದವು. "ಬೆಕ್ಕು ಇದೆಯಲ್ಲ, ಉಮ್ಮ ಖುಷಿಯಾಗಿದ್ದಾರಲ್ಲ" ಎನ್ನುತ್ತಿದ್ದ. ಉಮ್ಮ ತಮ್ಮ ಬಾಲ್ಯದ ಕಥೆಗಳನ್ನು ಹೇಳುತ್ತಿದ್ದರು, ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಅಮೆರಿಕದ ಪ್ರಾಧ್ಯಾಪಕಿ ಶೆರಿ ಟರ್ಕಲ್ ವೃದ್ಧಾಶ್ರಮಗಳಲ್ಲಿ ಪಾರೊದೊಂದಿಗೆ ದುಃಖ ತೋಡಿಕೊಳ್ಳುವ ಮುದುಕಿಯರನ್ನು ಕಂಡು ಇದೇ ಸಂಕಟಪಟ್ಟಿದ್ದಾರೆ. ತಂದೆ ತಾಯಿ ಮುಪ್ಪಿಗೆ ತಲುಪಿದಾಗ ಅವರ ಮುಂದೆ ಬೇಸರದ ಒಂದು ಉಸಿರೂ ಹೊರಡಬಾರದು, ವಿನಯದ ರೆಕ್ಕೆಯನ್ನು ತಗ್ಗಿಸಬೇಕು ಎಂಬ ಕುರ್‌ಆನಿನ ಬೋಧನೆಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ವಿವರಿಸುತ್ತೇನೆ. ರೆಕ್ಕೆ ತಗ್ಗಿಸಬೇಕಾದವಳು ನಾನು. ಆ ಕೆಲಸವನ್ನು ಬ್ಯಾಟರಿಗೆ ವಹಿಸಿದ್ದೆ. ಬೆಕ್ಕಿನ ಬದಲಿಗೆಂದು ತಂದದ್ದು ಮಗಳ ಬದಲಿಗೆ ಆಗಿಬಿಟ್ಟಿತ್ತು.

ಈಗ ನಾವು ಏನು ಮಾಡುತ್ತೇವೆಂದರೆ, ಅಸರ್ ನಂತರ ಉಮ್ಮನ ಕೈ ಹಿಡಿದು ಲಿಫ್ಟಿನಲ್ಲಿ ಕೆಳಗೆ ಕರೆದೊಯ್ಯುತ್ತೇನೆ. ನೀರಿನ ಟ್ಯಾಂಕಿನ ಬಳಿ ಒಂದು ಬೀದಿಬೆಕ್ಕು ಇದೆ. ಒಂದು ಕಿವಿ ಹರಿದ, ಬೂದು ಬಣ್ಣದ ಬೆಕ್ಕು. ಉಮ್ಮ ಹಳೆಯ ತಟ್ಟೆಯಲ್ಲಿ ಮೀನಿನ ತಲೆ ಇಡುತ್ತಾರೆ. ಅದು ಉಮ್ಮನ ಮಡಿಲಿಗೆ ಬರುವುದಿಲ್ಲ, ಸವರಲು ಹೋದರೆ ಜಾರಿಕೊಳ್ಳುತ್ತದೆ. ಒಂದೊಂದು ದಿನ ಬರುವುದೇ ಇಲ್ಲ. ಬಂದ ದಿನ ಅದು ಗಬಗಬನೆ ತಿನ್ನುವುದನ್ನು ನೋಡಿ ಉಮ್ಮ "ಅಲ್‌ಹಮ್ದುಲಿಲ್ಲಾಹ್" ಎನ್ನುತ್ತಾರೆ. ಮೇಲೆ ಬಂದು ತಾವೂ ಉಣ್ಣುತ್ತಾರೆ. ಇದಕ್ಕೆಲ್ಲ ನನ್ನ ಅರ್ಧ ಗಂಟೆ ಹೋಗುತ್ತದೆ.

ಯಂತ್ರದ ಬೆಕ್ಕನ್ನು ನಾವು ಎಸೆದಿಲ್ಲ. ನಡುರಾತ್ರಿ ಉಮ್ಮ ಎದ್ದು ಚಡಪಡಿಸುವಾಗ ಈಗಲೂ ಮಡಿಲಿಗಿಡುತ್ತೇನೆ. "ಇದು ಆಟಿಕೆ ಉಮ್ಮ" ಎಂದು ಹೇಳಿಯೇ ಇಡುತ್ತೇನೆ, ಇಟ್ಟು ಪಕ್ಕದಲ್ಲೇ ಕೂರುತ್ತೇನೆ. ತಮ್ಮನಿಗೆ ಆ ದಿನದ ಸಂಗತಿಯನ್ನೆಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಈಗ ದಿನಾ ರಾತ್ರಿ ಫೋನ್ ಮಾಡುತ್ತಾನೆ. ಉಮ್ಮ ಅವನ ಹೆಸರನ್ನು ತಪ್ಪಾಗಿ ಕರೆಯುತ್ತಾರೆ, ಆದರೂ ದುಆ ಮಾಡುತ್ತಾರೆ.

ನಾಳೆ ನಮ್ಮ ಮನೆಗಳಿಗೂ ಇಂಥ ಪ್ರಾಣಿಗಳು ಇನ್ನಷ್ಟು ಅಗ್ಗವಾಗಿ, ಇನ್ನಷ್ಟು ಜೀವಂತವಾಗಿ ಕಾಣುತ್ತಾ ಬರಬಹುದು. ಬರಲಿ. ತರುವ ಮೊದಲು ಇದು ಯಾರ ಜಾಗಕ್ಕೆ ಬರುತ್ತಿದೆ ಎಂದು ಒಮ್ಮೆ ಕೇಳಿಕೊಳ್ಳಿ. ನಿಮ್ಮ ಮಕ್ಕಳಿಗೆ ಆಟಿಕೆ ಕೊಡಿಸಿ, ಆದರೆ ಹಿಂಬಾಗಿಲಿಗೆ ಬರುವ ಬೆಕ್ಕಿನ ತಟ್ಟೆಯನ್ನೂ ಅವರ ಕೈಗೇ ಕೊಡಿ.

ನಮ್ಮ ಹಿರಿಯರು ನಮ್ಮನ್ನು ಚಿಕ್ಕಂದಿನಲ್ಲಿ ಸಾಕಿದಂತೆ ಅವರ ಮೇಲೆ ಕರುಣೆ ತೋರುವ ಮನಸ್ಸನ್ನು, ಅದಕ್ಕೆ ಬೇಕಾದ ಸಮಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.